ಪೇಂಟು ಡಬ್ಬದ ಮುಚ್ಚಳ

ಇಲ್ಲಿ ವಸಂತ ಚಿಗುರಿನಿಂದ ಶುರುವಾಗುವುದಿಲ್ಲ.
ಮಾರ್ಚಿನ ಒಂದು ಮಧ್ಯಾಹ್ನ
ಮೂರನೇ ಮಹಡಿಯಲ್ಲಿ ಯಾರೋ ಸೆಖೆ ತಾಳದೆ
ಎಸಿಯ ಗುಂಡಿ ಒತ್ತುತ್ತಾರೆ.
ನಾಲ್ಕು ತಿಂಗಳು ಒಣಗಿದ್ದ ಕೊಳವೆ
ಕೆಮ್ಮುತ್ತದೆ, ಒಂದಿಷ್ಟು ಧೂಳು ಉಗುಳುತ್ತದೆ,
ಆಮೇಲೆ
ಟಪ್.

ಮುಹರ್ರಕ್‌ನಲ್ಲಿ ನಮ್ಮ ವರ್ಕ್‌ಶಾಪಿನ ಬೆನ್ನಿಗೆ
ಹಿತ್ತಲೊಂದಿದೆ. ಹಿತ್ತಲೆಂದರೆ
ಆರು ಹೆಜ್ಜೆ ಸಿಮೆಂಟು, ಬಿಚ್ಚಿ ಹಾಕಿದ ಕಂಪ್ರೆಸರುಗಳ ರಾಶಿ,
ಗೋಡೆಯಾಚೆಯಿಂದ ಇಣುಕುವ ಒಂದು ಬೋರೆ ಮರ.
ಹಣ್ಣು ಮಾಲಕಿ ಉಮ್ಮ್ ಜಾಸಿಮ್‌ಳದು, ನೆರಳು ನಮ್ಮದು,
ಮುಳ್ಳಿಗೆ ಯಾರೂ ಹಕ್ಕು ಸಾಧಿಸಿಲ್ಲ.

ಮುಚ್ಚಳ ಇಟ್ಟವನು ತೊಫಜ್ಜಲ್.
ಬ್ರಾಹ್ಮಣಬಾರಿಯಾ ಕಡೆಯವನು,
ಗ್ಯಾಸು ತುಂಬುವಾಗ ಉಸಿರು ಹಿಡಿಯುವ ಅಭ್ಯಾಸದವನು.
ಹತ್ತು ಲೀಟರು ಪೇಂಟಿನ ಡಬ್ಬದ ಮುಚ್ಚಳ,
ಬಣ್ಣ ಕೆರೆದು, ಮರಳಲ್ಲಿ ತಿಕ್ಕಿ,
ಕೊಳವೆಯ ಬಾಯಿಗೆ ಅಳೆದು ಇಟ್ಟಿದ್ದ:
"ನಡುವಿಗೆ ಬಿದ್ದರೆ ಹೆದರುತ್ತವೆ ದಾದಾ,
ಹನಿ ಅಂಚಿಗೆ ಬೀಳಬೇಕು."
ಪಕ್ಕದಲ್ಲಿ ನಿನ್ನೆಯ ಖುಬ್ಬೂಸಿನ ಚೂರು,
ಬಿರಿಯಾನಿ ಪೊಟ್ಟಣದ ತಳದ ಅನ್ನ,
ಲವಂಗ, ಏಲಕ್ಕಿ ಆರಿಸಿ ತೆಗೆದು.
ಹಕ್ಕಿಗೂ ಆರಿಸುತ್ತೀಯಾ ಅಂತ ನಾನು ನಕ್ಕರೆ
"ನಿನ್ನ ಹಲ್ಲಿಗೆ ಸಿಕ್ಕಿದ ದಿನ ಎಷ್ಟು ಬೈದಿದ್ದೆ, ನೆನಪು ಮಾಡಿಕೋ."

ನವೆಂಬರಿನಲ್ಲಿ ಅವನ ಕರಾರು ಮುಗಿಯಿತು.
ಗ್ಯಾಸು ತೂಗುವ ತಕ್ಕಡಿಯ ಮೇಲೆ ಸೂಟ್‌ಕೇಸು ಇಟ್ಟೆವು.
ಮೂವತ್ತು ಕಿಲೋ, ಮುನ್ನೂರು ಗ್ರಾಂ.
ತೆಗೆದಿಟ್ಟ ಮೂರು ಸಾಬೂನು
ಈಗಲೂ ನನ್ನ ಗೂಡಿನಲ್ಲಿವೆ. ಬಿಚ್ಚಿಲ್ಲ.

ಗುಬ್ಬಿಗಳು ಎಲ್ಲಿಗೂ ಹೋಗಿರಲಿಲ್ಲ,
ರಜೆ ಮಂಜೂರಾಗದವರ ಹಾಗೆ
ಚಳಿಗಾಲ ಪೂರ್ತಿ ಇಲ್ಲೇ ಜಗಳಾಡಿಕೊಂಡಿದ್ದವು.
ಮೊದಲ ಹನಿಯ ಸುದ್ದಿ ಅವು ಯಾರಿಗೆ ಹೇಳಿದವೋ,
ಮರುದಿನ ಬಿಳಿಗೆನ್ನೆಯ ಪಿಕಳಾರಗಳು ಎರಡು
ಬಾಲದಡಿ ಅರಿಶಿನ ಮೆತ್ತಿಕೊಂಡು ಬಂದವು.
ಬೆಳವವೊಂದು ನೀರಿನೆದುರು ಕೂತು
ಕುಡಿಯಲೋ ಬೇಡವೋ ಎಂದು ಹತ್ತು ನಿಮಿಷ ಯೋಚಿಸಿತು,
ಕುಡಿಯದೆ ಹೋಯಿತು, ತಿರುಗಿ ಬಂದಿತು.

ಶನಿವಾರ ಅದು ಬಂತು.
ಕಿತ್ತಳೆ ಮೈ, ಕಪ್ಪು ಬಿಳಿ ಪಟ್ಟೆಯ ರೆಕ್ಕೆ, ಉದ್ದ ಕೊಕ್ಕು.
ನಮ್ಮೂರ ಗದ್ದೆಯಂಚಲ್ಲಿ ನೋಡಿದ್ದೆ, ಹೆಸರು ಕೇಳಿರಲಿಲ್ಲ.
ಉಮ್ಮ್ ಜಾಸಿಮ್ ಕಿಟಕಿಯಿಂದ "ಹುದ್‌ಹುದ್" ಎಂದಳು,
ಕನ್ನಡದಲ್ಲಿ ಚಂದ್ರಮುಕುಟ ಅಂತ ಫೋನು ಹೇಳಿತು,
ತೊಫಜ್ಜಲ್ ಕರೆಯುತ್ತಿದ್ದದ್ದು ಮೋಹನ್‌ಚೂಡಾ.
ಮೂರಕ್ಕೂ ಅದು ತಿರುಗಲಿಲ್ಲ.
ಖುಬ್ಬೂಸಿನ ಕಡೆ ಕಣ್ಣೂ ಹಾಯಿಸದೆ
ನೀರು ಹರಿದು ತೇವವಾದ ಸಿಮೆಂಟಿನ ಬಿರುಕಿಗೆ ಕೊಕ್ಕಿಳಿಸಿ
ಇರುವೆ ಹೆಕ್ಕತೊಡಗಿತು,
ಸ್ಕ್ರೂ ಬಿಚ್ಚುವವನಷ್ಟು ಗಮನ.
ತಲೆಯ ಮೇಲೆ ವಿಮಾನ ಇಳಿಯಿತು, ಗೋಡೆ ನಡುಗಿತು,
ಜುಟ್ಟು ಬಿಚ್ಚಿಕೊಂಡಿತು, ಮಡಚಿಕೊಂಡಿತು. ಅಷ್ಟೇ.

ಗ್ರೀಸು ಬೆರಳಲ್ಲೇ ಇಪ್ಪತ್ತು ಸೆಕೆಂಡಿನ ವೀಡಿಯೊ ತೆಗೆದು ಕಳಿಸಿದೆ.
ಹಕ್ಕಿ ಸಾಸಿವೆಯಷ್ಟು ಕಾಣುತ್ತಿತ್ತು.
ರಾತ್ರಿ ಉತ್ತರ ಬಂತು, ಅವನ ದನಿ,
ಹಿಂದೆ ಯಾರೋ ಬಾವಿಗೆ ಕೊಡ ಇಳಿಸುವ ಸದ್ದು:
"ಬಂತಲ್ಲ, ಒಳ್ಳೆಯದಾಯ್ತು.
ಆದರೆ ದಾದಾ, ಆ ಗರಗರ ಕೇಳಿಸಿಕೊಂಡೆಯಾ?
ಮೂರನೇ ಮಹಡಿಯದು. ಫ್ಯಾನಿನ ಬೇರಿಂಗು ಹೋಗಿದೆ.
ಮೇ ತಿಂಗಳೊಳಗೆ ಬದಲಿಸು,
ಅದು ನಿಂತರೆ ನೀರೂ ನಿಲ್ಲುತ್ತದೆ."

ನಾಲ್ಕು ಸಲ ಕೇಳಿಸಿಕೊಂಡೆ.
ಹನ್ನೊಂದು ವರ್ಷದ ಮೆಕ್ಯಾನಿಕ್ಕು ನಾನು,
ದಿನವೂ ಅದರ ಕೆಳಗೇ ಕೂತು ಚಹಾ ಕುಡಿದವನು.

ಶುಕ್ರವಾರ ರಜೆ. ಏಣಿ ಹಾಕಿದೆ.
ಮೂರನೇ ಮಹಡಿಯವರು ಕರೆದಿರಲಿಲ್ಲ,
ದುಡ್ಡಿನ ಮಾತೂ ಬರಲಿಲ್ಲ.
ಬೇರಿಂಗು ಕೈಗೆ ಬಂದಾಗ ಗೋಲಿಗಳು ಸವೆದು
ನೀಲಿಗಟ್ಟಿದ್ದವು.
ಎರಡು ತಾಸು ಎಸಿ ಬಂದ್.
ಬಗ್ಗಿ ನೋಡಿದರೆ ಮುಚ್ಚಳ ಒಣಗಿದೆ,
ಪಿಕಳಾರಗಳೆರಡೂ ಏಣಿಯ ಬುಡದಲ್ಲಿ ಕೂತು,
ಹೇಳಿದ ಹೊತ್ತಿಗೆ ಕೆಲಸ ಮುಗಿಯದ ಗಿರಾಕಿಗಳ ಹಾಗೆ,
ನನ್ನನ್ನೇ ಬೈಯುತ್ತಿವೆ.